ನೆತ್ತಿಯ ಹೊಲಿಗೆ

ಐದನೇ ನಂಬರಿನ ಟೆಂಟಿನ ನೆತ್ತಿಯನ್ನು ಮಿಷನ್ನಿನ ಸೂಜಿಯ ಕೆಳಗೆ ಸರಿಸಿ ಅವಳು ಚಕ್ರವನ್ನು ಕೈಯಿಂದಲೇ ಅರ್ಧ ಸುತ್ತು ತಿರುಗಿಸಿದಳು. ಸೂಜಿ ಹಳೆಯ ತೂತಿನಲ್ಲೇ ಇಳಿಯಬೇಕು. ಪಕ್ಕದಲ್ಲಿ ಹೊಸ ತೂತು ಬಿದ್ದರೆ ಮಳೆಯಲ್ಲಿ ಅಲ್ಲಿಂದಲೇ ನೀರು ಒಸರುತ್ತದೆ. ಹಾಗಾಗಿ ಈ ಒಂದು ಗೇಣು ಉದ್ದವನ್ನು ಮಾತ್ರ ಅವಳು ಕಾಲಿನಿಂದ ತುಳಿದು ಹೊಲಿಯುತ್ತಿರಲಿಲ್ಲ. ಒಂದು ಹೊಲಿಗೆ, ಒಂದು ಸುತ್ತು. ಇನ್ನೊಂದು ಹೊಲಿಗೆ, ಇನ್ನೊಂದು ಸುತ್ತು. ಹನ್ನೊಂದನೆಯದಕ್ಕೆ ಬಂದಾಗ ಹಳೆಯ ದಾರದ ತುಣುಕೊಂದು ಸೂಜಿಗೆ ಅಡ್ಡ ಸಿಕ್ಕಿತು. ಚಿಮಟದಿಂದ ಎಳೆದು ಎಸೆಯಲು ಹೋದವಳು ಯಾಕೋ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಸವೆದು ಹರಿದ ದಾರದ ತುದಿ ಕೆದರಿದ ಮೀಸೆಯ ಹಾಗಿರುತ್ತದೆ. ಇದು ಉಗುರು ಕತ್ತರಿಸಿದ ಹಾಗೆ ನೇರವಾಗಿತ್ತು.

"ರೀ, ಸ್ವಲ್ಪ ಇಲ್ಲಿ ಬನ್ನಿ."

ಅಷ್ಟು ಹೊತ್ತು ಪಕ್ಕದ ಸ್ಟೂಲಿನಲ್ಲಿ ಕೂತಿದ್ದು, ಆಗಷ್ಟೇ ಉಗ್ರಾಣಕ್ಕೆ ಹೋಗಿ ಟೆಂಟಿನ ಗೂಟ ಎಣಿಸುತ್ತಿದ್ದ ಗಂಡ ಮಂಡಿ ಹಿಡಿದುಕೊಂಡು ಬಂದ. ಇಪ್ಪತ್ತು ವರ್ಷ ಜನರನ್ನು ಬೆಟ್ಟ ಹತ್ತಿಸಿದವನು. ಮಂಡಿ ಕೈಕೊಟ್ಟ ಮೇಲೆ ಅದೇ ಕಂಪನಿಯ ಸಾಮಾನು ನೋಡಿಕೊಳ್ಳುತ್ತಿದ್ದ.

"ಇದು ಬಿಟ್ಟ ಹೊಲಿಗೆ ಅಲ್ಲ ನೋಡಿ. ಯಾರೋ ಬ್ಲೇಡ್ ಹಾಕಿದ್ದಾರೆ."

"ಕನ್ನಡಕ ಹಾಕ್ಕೊಂಡಿಲ್ಲ ಕಣೇ," ಎಂದ. ಕನ್ನಡಕ ಅವನ ಹಣೆಯ ಮೇಲೇ ಇತ್ತು.

ಟ್ರೆಕ್ಕಿಂಗ್ ಕಂಪನಿಯ ಆಫೀಸಿನ ಹಿಂದಿನ ಈ ಕೋಣೆಗೆ ಅವಳು ಬಂದು ಹನ್ನೆರಡು ವರ್ಷವಾಗಿತ್ತು. ಎಂಟು ಟೆಂಟುಗಳು. ಸೀಸನ್ ಮುಗಿದ ಮೇಲೆ ಅವು ಹಗ್ಗದ ಮೇಲೆ ತೂಗುಬಿದ್ದು ಸೀಮೆಎಣ್ಣೆ, ಹೊಗೆ, ಒದ್ದೆ ಕಾಲುಚೀಲದ ವಾಸನೆ ಬೀರುತ್ತಿದ್ದವು. ಅವುಗಳನ್ನು ನೋಡಿಯೇ ಅವಳು ಮೇಲೆ ನಡೆದದ್ದನ್ನು ಹೇಳಬಲ್ಲಳು. ಸುತ್ತ ಕರಿ ಅಂಚಿದ್ದ ಪುಟ್ಟ ತೂತೆಂದರೆ ಸ್ಟೌವಿನ ಕಿಡಿ. ಮೂಲೆಯಲ್ಲಿ ಹಲ್ಲಿನ ಗುರುತಿದ್ದರೆ ಇಲಿ, ಯಾರೋ ಬಿಸ್ಕತ್ತು ಬಚ್ಚಿಟ್ಟು ಮರೆತಿದ್ದಾರೆ. ಒಳಗಿನ ಜೇಬುಗಳಲ್ಲಿ ಒಂಟಿ ಓಲೆ, ಮುರಿದ ಬಾಚಣಿಗೆ, ಒಮ್ಮೆ 'ನಾಳೆಯಿಂದ ಸಿಟ್ಟು ಮಾಡುವುದಿಲ್ಲ' ಎಂದು ಬರೆದ ಚೀಟಿ ಸಿಕ್ಕಿತ್ತು. ಆದರೆ ಟೆಂಟಿನೊಳಗೆ ಒಂದು ರಾತ್ರಿಯೂ ಅವಳು ಮಲಗಿದವಳಲ್ಲ. "ಗಂಡು ಡಾಕ್ಟರು ಹೆರಿಗೆ ಮಾಡಿಸಿದ ಹಾಗೆ ಅತ್ತಿಗೆ ನಿಮ್ಮ ಕೆಲಸ," ಎಂದು ಈಗ ಗೈಡಾಗಿರುವ, ಗಂಡನ ಚಿಕ್ಕಪ್ಪನ ಮಗ ಛೇಡಿಸುತ್ತಿದ್ದ. "ಕೈ ಚಳಕ ಇದೆ, ನೋವು ಮಾತ್ರ ಗೊತ್ತಿಲ್ಲ."

ನೆತ್ತಿಯ ಹೊಲಿಗೆ ಅವಳ ಮೊದಲ ಕೆಲಸ. ಮೊದಲೆಲ್ಲ ಅಲ್ಲಿ ಗೇಣುದ್ದದ ಗಾಳಿಕಿಂಡಿ ಇತ್ತು. ಮೇಲೆ ಚಳಿ ಎಂದು ಗೆಸ್ಟುಗಳು ದೂರಿದ್ದಕ್ಕೆ ಯಜಮಾನರು ಎಲ್ಲವನ್ನೂ ಮುಚ್ಚಿ ಹೊಲಿಯಲು ಹೇಳಿದ್ದರು. ಮುಚ್ಚಿದ್ದೇ ಗೊತ್ತಾಗದ ಹಾಗೆ ಹೊಲಿದಿದ್ದಳು. ಅದೇ ಜಾಗ ಪ್ರತಿವರ್ಷ ಒಂದೆರಡು ಟೆಂಟುಗಳಲ್ಲಿ ಬಾಯಿ ಬಿಟ್ಟುಕೊಂಡು ಬರುತ್ತಿತ್ತು. "ಗೆಸ್ಟುಗಳು, ಏನೋ ಎಳೆದಾಡಿರ್ತಾರೆ ಬಿಡು," ಎನ್ನುತ್ತಿದ್ದ ಗಂಡ. ಈ ವರ್ಷ ಚಳಿ ಹೆಚ್ಚಿತ್ತು. ಎಂಟಕ್ಕೆ ಎಂಟೂ ಹಾಗೆಯೇ ಬಂದಿದ್ದವು. ಅದು ಯಜಮಾನರ ಕಣ್ಣಿಗೂ ಬಿತ್ತು.

"ಏನಮ್ಮಾ ಇದು? ನಿನ್ನ ಹೊಲಿಗೆ ನಿಲ್ತಾ ಇಲ್ವಲ್ಲ," ಎಂದರು ಮಧ್ಯಾಹ್ನ ಬಂದವರು.

"ಹೊಲಿಗೆ ಬಿಟ್ಟಿಲ್ಲ ಯಜಮಾನ್ರೇ, ಯಾರೋ ಬಿಚ್ಚಿದ್ದಾರೆ."

"ಅಲ್ಲಿ ಉಸಿರಾಡೋಕೇ ಪುರುಸೊತ್ತಿರಲ್ಲ. ನಿನ್ನ ಹೊಲಿಗೆ ಬಿಚ್ತಾ ಕೂರೋಕೆ ಯಾರಿಗಮ್ಮಾ ತಲೆ ಕೆಟ್ಟಿದೆ?" ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಚುಚ್ಚಿತು. "ವಯಸ್ಸಾಗ್ತಾ ಕಣ್ಣು ಮಂಜಾಗೋದು ಸಹಜ. ಮುಂದಿನ ಟ್ರಿಪ್‌ನಲ್ಲೂ ಹೀಗೇ ಆದ್ರೆ ಟೆಂಟುಗಳನ್ನ ಹೊರಗಿನ ವರ್ಕ್‌ಶಾಪಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡ."

"ಹಾಗಾದ್ರೆ ಮುಂದಿನ ಟ್ರಿಪ್‌ಗೆ ನಾನೂ ಹೋಗ್ತೀನಿ. ಏನಾಗುತ್ತೆ ಅಂತ ಕಣ್ಣಾರೆ ನೋಡ್ತೀನಿ."

ಯಜಮಾನರು ನಕ್ಕು ಒಪ್ಪಿದರು. ಒಪ್ಪದವನು ಗಂಡ. ರಾತ್ರಿ ಊಟಕ್ಕೆ ಕೂತಾಗಿನಿಂದ ಶುರು ಮಾಡಿದ. ದೂರದ ಬೆಟ್ಟ ನುಣ್ಣಗೆ ಕಣೇ, ಹತ್ತಿರ ಹೋದ್ರೆ ಬರೀ ಕಲ್ಲು, ಗಾಳಿ, ನಿನ್ನ ಕಾಲು ಊದುತ್ತೆ, ಬಚ್ಚಲಿಲ್ಲ, ಬಿಸಿನೀರಿಲ್ಲ.

"ನುಣ್ಣಗಿದೆಯೋ ಒರಟಾಗಿದೆಯೋ, ಕೈಯಾಡಿಸಿ ನೋಡಿ ಬರ್ತೀನಿ ಬಿಡಿ."

"ಒಂದು ಹೊಲಿಗೆಗೋಸ್ಕರ ಅಷ್ಟು ಹಟಾನಾ?"

"ಹೊಲಿಗೆ ಬಿಟ್ರೆ ನನ್ನದು ಅಂತ ಇನ್ನೇನಿದೆ ಇಲ್ಲಿ?" ಎಂದಳು. ಅಷ್ಟು ದೊಡ್ಡ ಮಾತು ಆಡಬೇಕೆಂದು ಅವಳು ಅಂದುಕೊಂಡಿರಲಿಲ್ಲ.

ಹೊರಡುವ ದಿನ ಅವನೇ ಅವಳ ಬ್ಯಾಗು ಕಟ್ಟಿದ, ತನ್ನ ಹಳೆಯ ಉಣ್ಣೆ ಟೋಪಿಯನ್ನೂ ತುರುಕಿದ. ವ್ಯಾನು ಹೊರಡುವಾಗ ಕಿಟಕಿ ಹಿಡಿದು ಏನೋ ಹೇಳಲು ಬಾಯಿ ತೆರೆದ. ಆಮೇಲೆ, "ನೀರು ಕುಡೀತಾ ಇರು," ಎಂದ.

ಐದು ದಿನದ ಹಾದಿ. ಮೂರು ದಿನ ಹತ್ತಿ, ಮೂರನೇ ಶಿಬಿರದಿಂದ ನಾಲ್ಕನೇ ದಿನ ತುದಿ ಮುಟ್ಟಿ ಬಂದು, ಐದನೇ ದಿನ ಇಳಿಯುವುದು. ಗೆಸ್ಟುಗಳು ಐದು ಜನ: ಒಂದೇ ಕಾಲೇಜಿನ ನಾಲ್ವರು ಮೇಷ್ಟ್ರುಗಳು ಮತ್ತು ಒಬ್ಬಳೇ ಬಂದಿದ್ದ ಹಲ್ಲಿನ ಡಾಕ್ಟರು. ಗೈಡು ಅದೇ ಛೇಡಿಸುವ ಮೈದುನ. ಅಡುಗೆಯವನನ್ನು ಎಲ್ಲರೂ ಸೌಟಣ್ಣ ಎನ್ನುತ್ತಿದ್ದರು. ಸಾಮಾನು ಹೊರಲು ಎರಡು ಹೇಸರಗತ್ತೆಗಳು. ಅವಳಿಗೆ ಡಾಕ್ಟರ ಟೆಂಟಿನಲ್ಲಿ ಜಾಗ. ಅದು ಐದನೇ ನಂಬರಿನದು.

ಹಾದಿ ಮರಗಳ ನಡುವೆ ಏರಿತು. ಮೊದಲ ದಿನವೇ ಅವಳಿಗೆ ತನ್ನ ಉಸಿರು ಕೇಳತೊಡಗಿತು. ನಲವತ್ತೇಳು ವರ್ಷ ಜೊತೆಗಿದ್ದದ್ದು ಈಗ ಮೊದಲ ಸಲ ಹೊರಗೆ ಬಂದು ಪಕ್ಕದಲ್ಲಿ ನಡೆಯುತ್ತಿದ್ದಂತೆ. ನಾಲ್ಕು ಹೆಜ್ಜೆಗೆ ಒಂದು ಉಸಿರು, ಆಮೇಲೆ ಮೂರಕ್ಕೆ, ಆಮೇಲೆ ಎರಡಕ್ಕೆ. ಹೊಲಿಗೆ ಎಣಿಸಿ ಅಭ್ಯಾಸವಿದ್ದುದರಿಂದ ಅದನ್ನು ಎಣಿಸುವುದೂ ಅವಳಿಗೆ ಹಿಡಿಸಿತು. ಮರಗಳು ಕುಳ್ಳಗಾಗುತ್ತಾ ಹೋಗಿ ಪೊದೆಗಳಾದವು, ಪೊದೆಗಳು ಕಲ್ಲಿಗಂಟಿದ ಹುಲ್ಲಾದವು. ಕಲ್ಲು, ಗಾಳಿ ಎಂದಷ್ಟೇ ಗಂಡ ಹೇಳಿದ್ದ. ಕಲ್ಲಿಗೆ ಹತ್ತು ಬಣ್ಣ ಇರುವುದನ್ನಾಗಲಿ, ಗಾಳಿ ಒಮ್ಮೆ ಬೆನ್ನಿಗೆ, ಒಮ್ಮೆ ಕೆನ್ನೆಗೆ ಬಡಿದು ದಿಕ್ಕು ಬದಲಿಸುವುದನ್ನಾಗಲಿ ಹೇಳಿರಲಿಲ್ಲ.

"ನೀವು ಏನು ಹುಡುಕ್ತಾ ಇದ್ದೀರ?" ಡಾಕ್ಟರು ಕೇಳಿದಳು. "ಎಲ್ಲರೂ ಮೇಲೆ ನೋಡ್ತಾರೆ. ನೀವು ಟೆಂಟ್ ಹೊತ್ತ ಕತ್ತೆ ಹಿಂದೇನೇ ಬಿದ್ದಿದ್ದೀರ."

"ಕಳ್ಳನ್ನ."

"ಕತ್ತೆನಾ?"

ಇಬ್ಬರೂ ನಕ್ಕರು. ನಕ್ಕಿದ್ದಕ್ಕೆ ಇಬ್ಬರೂ ಕಲ್ಲಿನ ಮೇಲೆ ಕೂತು ಉಸಿರು ತೆಗೆದುಕೊಳ್ಳಬೇಕಾಯಿತು.

ಮೊದಲ ಶಿಬಿರದಲ್ಲಿ ಏನೂ ಆಗಲಿಲ್ಲ. ಎರಡನೆಯದು ತೊರೆಯ ಪಕ್ಕದ ಹುಲ್ಲುಗಾವಲು. ಅಲ್ಲಿ ಬೆಳಗ್ಗೆ ಕಣ್ಣು ಬಿಟ್ಟಾಗ ಡಾಕ್ಟರು ಸ್ಲೀಪಿಂಗ್ ಬ್ಯಾಗಿನೊಳಗಿಂದಲೇ, "ಮಳೆ ಬಂತಾ?" ಎಂದಳು. ಮಳೆ ಬಂದಿರಲಿಲ್ಲ. ಟೆಂಟಿನ ಒಳಮೈಯೆಲ್ಲಾ ಬೆವರಿತ್ತು. ನೆತ್ತಿಯಿಂದ ಹನಿಗಳು ಒಂದೊಂದಾಗಿ ಇಬ್ಬರ ಮುಖದ ನಡುವೆ ಬೀಳುತ್ತಿದ್ದವು. ಹೊರಗೆ ಬಂದರೆ ಮೇಷ್ಟ್ರುಗಳೂ ತಮ್ಮ ಬ್ಯಾಗುಗಳನ್ನು ಹಿಂಡುವವರಂತೆ ಹಿಡಿದು ನಿಂತಿದ್ದರು.

ಅವಳು ಎಲ್ಲ ಟೆಂಟುಗಳಿಗೂ ಹೋಗಿ ನೆತ್ತಿಗೆ ಬೆರಳಾಡಿಸಿದಳು. ಒಂದು ಹೊಲಿಗೆಯೂ ಸಡಿಲಾಗಿರಲಿಲ್ಲ.

"ನೋಡಿದ್ಯಾ," ಎಂದಳು ಮೈದುನನಿಗೆ. "ನನ್ನ ಹೊಲಿಗೆ ಕಲ್ಲಿನ ಹಾಗಿದೆ. ಯಜಮಾನರಿಗೆ ನೀನೇ ಸಾಕ್ಷಿ ಹೇಳಬೇಕು."

"ಹೌದು ಅತ್ತಿಗೆ," ಎಂದ ಮೈದುನ. ಸೌಟಣ್ಣ ಪಾತ್ರೆಯೊಳಗೆ ಮುಖ ಹಾಕಿ, ಆಗಲೇ ಉಜ್ಜಿದ್ದ ಪಾತ್ರೆಯನ್ನೇ ಮತ್ತೆ ಉಜ್ಜತೊಡಗಿದ.

"ಬಾಗಿಲ ಜಿಪ್ ಅರ್ಧ ತೆರೆದಿಟ್ಟು ಮಲಗಿ," ಎಂದು ಮೈದುನ ಗೆಸ್ಟುಗಳಿಗೆ ಹೇಳಿದ.

"ಇಂಥ ಗಾಳಿಗೆ ಬಾಗಿಲು ತೆಗೆದ್ರೆ ನನ್ನ ಹಲ್ಲು ಕೀಳೋಕೆ ಬೇರೆ ಡಾಕ್ಟರೇ ಬೇಡ," ಎಂದಳು ಡಾಕ್ಟರು. ಮೇಷ್ಟ್ರುಗಳಲ್ಲಿ ಹಿರಿಯವರು, "ಟೆಂಟ್ ಚೆನ್ನಾಗಿದ್ದಿದ್ರೆ ಬಾಗಿಲು ಯಾಕ್ರೀ ತೆಗೀಬೇಕು?" ಎಂದರು. ಟೆಂಟ್ ಎಂದ ಕೂಡಲೇ ಅವಳ ಕಿವಿ ಬಿಸಿಯಾಯಿತು.

ಮೂರನೇ ಶಿಬಿರ ಹಿಮದ ಅಂಚಿನ ಕೆಳಗಿತ್ತು. ಮಧ್ಯಾಹ್ನವೇ ತಲುಪಿದರೂ ಬಿಸಿಲಿರಲಿಲ್ಲ. ಬಂಡೆಗಳ ಮೇಲೆ ಹರವಿದ ಸ್ಲೀಪಿಂಗ್ ಬ್ಯಾಗುಗಳು ಮೋಡದ ಕೆಳಗೆ ಸುಮ್ಮನೆ ಬಿದ್ದಿದ್ದವು. ಮೈದುನ ಅವುಗಳನ್ನು ಒತ್ತಿ ಒತ್ತಿ ನೋಡಿದ.

"ಇವತ್ತು ರಾತ್ರಿ ಮತ್ತೆ ಒದ್ದೆಯಾದ್ರೆ ನಾಳೆ ತುದಿಗೆ ಕರ್ಕೊಂಡು ಹೋಗಲ್ಲ," ಎಂದ ಗೆಸ್ಟುಗಳಿಗೆ. "ಇಲ್ಲಿಯ ಚಳೀಲಿ ಒದ್ದೆ ಬ್ಯಾಗು ಅಂದ್ರೆ ಆಟ ಅಲ್ಲ. ಬೆಳಗ್ಗೆಯೇ ಎಲ್ಲರೂ ಕೆಳಗೆ."

ಡಾಕ್ಟರು ಹೋಗಿ ಟೆಂಟಿನಲ್ಲಿ ಕೂತಳು. ಅವಳೂ ಹಿಂದೆಯೇ ಹೋದಳು. ಹೊಲಿಗೆ ಗಟ್ಟಿಯಾಗಿತ್ತು, ಯಜಮಾನರ ಮಾತು ಸುಳ್ಳಾಗಿತ್ತು, ಬಂದ ಕೆಲಸ ಮುಗಿದಿತ್ತು. ಆದರೂ ಕತ್ತೆತ್ತಿ ಆ ನೆತ್ತಿಯನ್ನೇ ನೋಡುತ್ತಿದ್ದಳು. ಕೆಳಗೆ ಬರುವಾಗ ಬಾಯಿ ಬಿಟ್ಟುಕೊಂಡು, ಆದರೆ ಒಣಗಿ ಬರುತ್ತಿದ್ದ ಟೆಂಟುಗಳು, ಈಗ ಬಾಯಿ ಮುಚ್ಚಿಕೊಂಡು ಒದ್ದೆಯಾಗಿದ್ದವು.

"ಒಂದು ನಿಮಿಷ," ಎಂದು ಹೊರಗೆ ಹೋಗಿ ಸೌಟಣ್ಣನಿಂದ ಕುದಿಯುವ ನೀರಿನ ಪಾತ್ರೆ ತಂದಳು. ಡಾಕ್ಟರ ಮುಂದಿಟ್ಟು ಜಿಪ್ ಎಳೆದಳು.

"ಮುಖಕ್ಕೆ ಹಬೆ ಹಿಡೀಬೇಕಾ? ಮೂಗೇನೂ ಕಟ್ಟಿಲ್ಲವಲ್ಲ."

"ಹಬೆ ಏನು ಮಾಡುತ್ತೆ ನೋಡೋಣ."

ಹಳದಿ ಬಟ್ಟೆಯ ಬೆಳಕಿನಲ್ಲಿ ಹಬೆ ಚೆನ್ನಾಗಿ ಕಾಣುತ್ತಿತ್ತು. ಮೊದಲು ಗೋಡೆಯನ್ನು ತಡವಿತು, ಹೊರಳಿತು, ಆಮೇಲೆ ಯಾರೋ ದಾರಿ ಹೇಳಿದ ಹಾಗೆ ನೆತ್ತಿಯತ್ತ ಏರಿತು. ಅಲ್ಲಿ ಹೋಗಿ ನಿಂತಿತು. ಮುಂದೆ ದಾರಿಯಿಲ್ಲದೆ ಅಲ್ಲೇ ಹನಿಯಾಗಿ, ಹೊಲಿಗೆಯ ಗುಂಟ ಸಾಲಾಗಿ ನೇತುಬಿದ್ದು, ಒಂದು ಅವಳ ಹಣೆಗೇ ಬಿತ್ತು.

"ಬಾಯಿ ತೆಗೆಯೋಕೆ ಬಿಡದಿದ್ರೆ ನನ್ನ ಪೇಷಂಟುಗಳೂ ಹೀಗೇ ಬೆವರ್ತಾರೆ," ಎಂದಳು ಡಾಕ್ಟರು.

ಅವಳು ನಗಲಿಲ್ಲ. ಸೊಂಟದ ಚೀಲದಿಂದ ಸಣ್ಣ ಕತ್ತರಿ ತೆಗೆದು, ಮಂಡಿಯೂರಿ ಎದ್ದು, ನೆತ್ತಿಯ ನಡುವಿನ ಒಂದು ಹೊಲಿಗೆಯ ದಾರವನ್ನು ಕಚಕ್ಕೆಂದು ಕತ್ತರಿಸಿದಳು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಬಟ್ಟೆಗೆ ತಾಗದಂತೆ ದಾರವನ್ನಷ್ಟೇ ಕತ್ತರಿಸಬೇಕಾದರೆ ಕತ್ತರಿಯನ್ನು ಓರೆಯಾಗಿ ಹಿಡಿಯಬೇಕಿತ್ತು. ಏಳನೆಯ ಹೊಲಿಗೆ ಬಿಚ್ಚಿದಾಗ ಹಬೆಗೆ ದಾರಿ ಸಿಕ್ಕಿತು. ಒಲೆಯ ಗೂಡಿನಿಂದ ಹೊಗೆ ಹೋದ ಹಾಗೆ ಸುಳಿಸುಳಿಯಾಗಿ ಹೊರಟೇ ಹೋಯಿತು.

ಮೊದಲು ಅವಳಿಗೆ ಆದದ್ದು ಖುಷಿ. ಮಗು ಮೊದಲ ಸಲ ಸ್ವಿಚ್ಚು ಒತ್ತಿ ದೀಪ ಹತ್ತಿಸಿದಾಗ ಆಗುವಂಥದ್ದು. ಇನ್ನೊಮ್ಮೆ ನೋಡಬೇಕೆಂದು ಬೆರಳಿನಿಂದ ಸೀಳನ್ನು ಮುಚ್ಚಿದಳು, ತೆರೆದಳು. ಆಮೇಲೆ ಕೈ ನಿಧಾನವಾಯಿತು. ಆ ದಾರಿಯನ್ನು ಮುಚ್ಚಿದವಳು ತಾನು. ಮುಚ್ಚಿದ್ದೇ ಗೊತ್ತಾಗದ ಹಾಗೆ, ವರ್ಷ ವರ್ಷವೂ.

ಹೊರಗೆ ಬಂದಾಗ ಮೈದುನ ಎದುರಿಗೇ ನಿಂತಿದ್ದ. ನೆತ್ತಿಯಿಂದ ಹಬೆ ಏಳುವುದನ್ನೂ, ಅವಳ ಕೈಯ ಕತ್ತರಿಯನ್ನೂ ನೋಡಿದ.

"ಅತ್ತಿಗೆ, ನಾವು ಈ ಸಲ ಮುಟ್ಟೇ ಇಲ್ಲ, ಆಣೆಗೂ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳಿನ್ನೂ ಏನೂ ಕೇಳಿರಲಿಲ್ಲ.

"ಈ ಸಲ ಮುಟ್ಟಿಲ್ಲ," ಎಂದಳು ನಿಧಾನವಾಗಿ. "ಬೇರೆ ಸಲ?"

ಅವನು ಬೂಟಿನ ತುದಿಯಿಂದ ಕಲ್ಲು ಕೆದಕಿದ. ಸೌಟಣ್ಣ ದೂರದಿಂದಲೇ, "ಹೇಳಿಬಿಡೋ ಮಾರಾಯ, ಎರಡು ದಿನದಿಂದ ನುಂಗೋಕೂ ಆಗ್ತಿಲ್ಲ, ಉಗಿಯೋಕೂ ಆಗ್ತಿಲ್ಲ," ಎಂದ.

"ಚಳಿ ಜಾಸ್ತಿ ಇದ್ದಾಗ ಮೇಲಿನ ಶಿಬಿರದಲ್ಲಿ ಬಿಚ್ತೀವಿ ಅತ್ತಿಗೆ. ಇಲ್ಲಾಂದ್ರೆ ಉಸಿರೇ ನೀರಾಗಿ ಮೈಮೇಲೆ ಬೀಳುತ್ತೆ."

"ಮತ್ತೆ ಈ ಸಲ ಯಾಕೆ ಬಿಚ್ಚಲಿಲ್ಲ?"

"ಹೊಲಿದೋರ ಕಣ್ಣೆದುರಿಗೇ ಹೇಗೆ ಬಿಚ್ಚೋದು?"

"ಅದಕ್ಕೆ ಇಷ್ಟು ಜನಾನ ಒದ್ದೇಲಿ ಮಲಗಿಸಿದ್ರಾ? ಮರ್ಯಾದೆ ಕೊಟ್ಟೇ ಸಾಯಿಸ್ತೀರಲ್ಲೋ!"

ಡಾಕ್ಟರು ಟೆಂಟಿನೊಳಗಿಂದ ಕೆಮ್ಮಿದಳು, ನಗುವನ್ನು ಅಡಗಿಸುವ ಕೆಮ್ಮು. ಅವಳು ಮೈದುನನನ್ನು ಬಂಡೆಯ ಮರೆಗೆ ಕರೆದುಕೊಂಡು ಹೋದಳು.

"ದಾರ ಮಾತ್ರ ಕೊಯ್ದಿರ್ತೀರಿ. ಬಟ್ಟೆಗೆ ಒಂದು ಗೀರೂ ಇರಲ್ಲ. ಇದನ್ನ ಕಲಿಸಿದ್ದು ಯಾರು?"

ಅವನು ಟೋಪಿಯನ್ನು ಹಣೆಯ ಮೇಲೆ ಎಳೆದುಕೊಂಡ. ಅವಳಿಗೆ ಉತ್ತರ ಬೇಕಾಗಿರಲಿಲ್ಲ. ಹಣೆಯ ಮೇಲೆ ಕನ್ನಡಕ ಇಟ್ಟುಕೊಂಡು ಕನ್ನಡಕ ಇಲ್ಲ ಎಂದ ಮುಖ ಕಣ್ಣ ಮುಂದೆ ಬಂತು.

"ಬಟ್ಟೆ ಕೊಯ್ದೋರ ಕೈ ಮುರೀತೀನಿ ಅಂತಿದ್ದ ಅಣ್ಣ," ಎಂದ ಮೈದುನ ಕೊನೆಗೆ. "ಮೊದಲನೇ ವರ್ಷ ಕೆಳಗೆ ಹೋದ ಕೂಡಲೇ ನಿಮಗೆ ಹೇಳ್ತೀನಿ ಅಂತಲೇ ಇಳಿದಿದ್ದ. ನೀವು ಆ ಹೊಲಿಗೇನ ಬೀದಿಯೋರಿಗೆಲ್ಲ ತೋರಿಸ್ತಿದ್ರಂತೆ, ಎಲ್ಲಿದೆ ಹೇಳಿ ನೋಡೋಣ ಅಂತ. ನಾಳೆ ಹೇಳ್ತೀನಿ ಅಂದ. ಆ ನಾಳೆ ಬರಲೇ ಇಲ್ಲ."

"ಹನ್ನೆರಡು ವರ್ಷ!"

"ತಡವಾದಷ್ಟೂ ಕಷ್ಟ ಅಲ್ವಾ ಅತ್ತಿಗೆ." ದನಿ ತಗ್ಗಿಸಿದ. "ಯಜಮಾನರಿಗೆ ಹೇಳ್ತೀರಾ? ಕಂಪನಿ ಟೆಂಟ್ ಕೊಯ್ದಿದ್ದು ಗೊತ್ತಾದ್ರೆ ನಮ್ಮ ಕೆಲಸ ಹೋಗುತ್ತೆ. ಅಣ್ಣನದ್ದೂ ಉಳಿಯಲ್ಲ."

"ಹೇಳದಿದ್ರೆ ನನ್ನದು ಹೋಗುತ್ತೆ," ಎಂದಳು.

ಅವಳು ಕತ್ತರಿ ಹಿಡಿದು ಉಳಿದ ಟೆಂಟುಗಳತ್ತ ನಡೆದಳು. ಕತ್ತಲಾಗುವ ಮುಂಚೆ ಎಲ್ಲದರ ನೆತ್ತಿಯನ್ನೂ ತಾನೇ ಬಿಚ್ಚಿದಳು. ಏನು ಮಾಡುತ್ತಿದ್ದೀರೆಂದು ಕೇಳಿದ ಹಿರಿಯ ಮೇಷ್ಟ್ರಿಗೆ, "ನಿಮ್ಮ ಉಸಿರನ್ನ ಹೊರಗೆ ಕಳಿಸ್ತಿದ್ದೀನಿ," ಎಂದಳು.

ಬೆಳಗ್ಗೆ ಚಳಿಯಿತ್ತು, ಒದ್ದೆಯಿರಲಿಲ್ಲ. ಡಾಕ್ಟರು ಎದ್ದವಳೇ ಬ್ಯಾಗನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, ಬೂಟು ಕಟ್ಟಿಕೊಂಡಳು. ಗೆಸ್ಟುಗಳನ್ನು ಕರೆದುಕೊಂಡು ಮೈದುನ ತುದಿಗೆ ಹೊರಟ. ಹಿಮದ ಮೇಲೆ ಅವರು ಚಿಕ್ಕದಾಗುತ್ತಾ ಹೋಗುವುದನ್ನು ಅವಳು ನೋಡಿದಳು. ಹೊಲಿಗೆಯ ಸಾಲಿನಂತೆ ಕಂಡರು, ಆಮೇಲೆ ಕಾಣಲಿಲ್ಲ.

ಟೆಂಟಿನ ಮುಂದೆ ಕೂತಳು. ಗಂಡನ ಮೇಲೆ ಸಿಟ್ಟು ಬರುತ್ತದೆಂದು ಕಾಯುತ್ತಿದ್ದಳು. ಬಂತು ಕೂಡ, ಆದರೆ ಒಂಟಿಯಾಗಿ ಬರಲಿಲ್ಲ. ಪ್ರತಿವರ್ಷ ಅವಳು ನೆತ್ತಿ ಹೊಲಿಯುವಾಗ ಅವನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಿದ್ದ. ಬೇರೆ ಯಾವ ಹೊಲಿಗೆಗೂ ಕೂರುತ್ತಿರಲಿಲ್ಲ. ಕೆಲಸ ನೋಡುವುದು ಅವನಿಗೆ ಇಷ್ಟ ಎಂದುಕೊಂಡಿದ್ದಳು. ಈ ವರ್ಷ ಹೇಳುತ್ತೇನೆಂದು ಕೂತು, ಹೇಳಲಾಗದೆ ಏಳುತ್ತಿದ್ದನೇ? ಅಥವಾ ಎರಡೂ ನಿಜವೇ? ಹೆಂಡತಿಗೆ ಅಷ್ಟು ಹೆದರುವ ಗಂಡಸು ಅವನೆಂದು ಅವಳಿಗೆ ಗೊತ್ತಿರಲಿಲ್ಲ. ತಾನು ಹೆದರಿಸುವಂಥವಳೆಂದೂ ಗೊತ್ತಿರಲಿಲ್ಲ. ನಾಚಿಕೆಯಾಯಿತು. ಅದರ ಅಡಿಯಲ್ಲೆಲ್ಲೋ ಸ್ವಲ್ಪ ನಗುವೂ ಬಂತು. ಅವನು ಬಿಚ್ಚುವುದು, ಅವಳು ಮುಚ್ಚುವುದು. ಒಂದು ಗೇಣು ಬಟ್ಟೆಯ ಮೇಲೆ ಇಷ್ಟು ವರ್ಷ ಇಬ್ಬರೂ ಎಷ್ಟು ಅಚ್ಚುಕಟ್ಟಾಗಿ ಸಂಸಾರ ಮಾಡಿದ್ದರು!

ಎದ್ದು ನೆತ್ತಿಯ ಸೀಳಿನ ಮೇಲೆ ಅಂಗೈ ಅಡ್ಡ ಹಿಡಿದಳು. ಮೇಲಿನ ಇಳಿಜಾರಿನಿಂದ ಗಾಳಿ ಬಂದಾಗ ಅದು ಸೀಳಿಗೆ ನೇರವಾಗಿ ನುಗ್ಗುತ್ತಿತ್ತು. ಅಂಗೈಯನ್ನು ಸ್ವಲ್ಪ ಬಾಗಿಸಿದರೆ ಗಾಳಿ ಜಾರಿ ಹೋಗಿ, ಒಳಗಿನ ಬಿಸಿ ಮಾತ್ರ ಕೆಳಗಿನಿಂದ ಬೆರಳುಗಳಿಗೆ ತಾಗುತ್ತಿತ್ತು. ಕೆಳಗೆ ಹೋದ ಮೇಲೆ ಸೀಳಿನ ಮೇಲೆ ಹೀಗೇ ಬಾಗಿದ, ಅಂಗೈ ಅಗಲದ ಬಟ್ಟೆ. ಮೂರು ಕಡೆ ಹೊಲಿಗೆ, ಕೆಳಗಿನ ಕಡೆಗೆ ಬಿಟ್ಟ ಬಾಯಿ. ಹೊರಗಿನಿಂದ ನೋಡುವವರಿಗೆ ತೇಪೆಯ ಹಾಗೆ ಕಾಣುತ್ತದೆ. ಯಜಮಾನರು ತೇಪೆ ಎಣಿಸುವವರಲ್ಲ, ಸೀಳು ಹುಡುಕುವವರು. ಸೀಳು ಅವರಿಗೆ ಸಿಗುವುದಿಲ್ಲ. ಹೊಲಿಗೆ ಬಿಡುತ್ತಿತ್ತೇ ಎಂದು ಕೇಳಿದರೆ, ಹೌದು, ಈಗ ಸರಿ ಮಾಡಿದ್ದೇನೆ ಅನ್ನಬೇಕು. ಆ ಒಂದು 'ಹೌದು' ಕಹಿಯೇ. ನುಂಗಿಕೊಳ್ಳಬಹುದು, ಎಂಟು ಟೆಂಟೂ ತನ್ನ ಕೈಯಲ್ಲೇ ಉಳಿಯುತ್ತವೆ.

ಗಂಡನಿಗೆ? ಅವನಿಗೂ ಹೇಳುವುದಿಲ್ಲ. ಏನು ನೋಡಿದೆ ಎಂದು ಕೇಳುತ್ತಾನೆ, ಕೇಳಲು ಹೆದರುತ್ತಾ ಕೇಳುತ್ತಾನೆ. ಕಲ್ಲು, ಗಾಳಿ ಎನ್ನುತ್ತಾಳೆ. ಮೈದುನನ ಬಾಯಿ ಮುಚ್ಚಿಸುವುದು ಕಷ್ಟವಲ್ಲ. ಹನ್ನೆರಡು ವರ್ಷ ಗುಟ್ಟು ಕಾಯುವ ಸರದಿ ಗಂಡನದಾಗಿತ್ತು; ಇನ್ನು ತನ್ನದು.

"ಏನ್ ಯೋಚ್ನೆ ಅಕ್ಕಾ, ಒಬ್ರೇ ಕೈ ಮೇಲೆತ್ತಿ ನಿಂತಿದ್ದೀರಿ?" ಸೌಟಣ್ಣ ಟೀ ಲೋಟ ಹಿಡಿದು ಬಂದ.

"ಏನಿಲ್ಲ," ಎಂದಳು. "ಗಾಳಿ ಯಾವ ಕಡೆಯಿಂದ ಬರುತ್ತೆ ಅಂತ ನೋಡ್ತಿದ್ದೆ."